‘ಸ್ವಾಗರ್ ಇದೆಯಲ್ಲ, ನೋಡ್ಕೊಳ್ಳಿ’

ಬೆಂಗಳೂರಿನ ಸಾಫ್ಟ್‌ವೇರ್ ಆಫೀಸುಗಳಲ್ಲಿ ಮಾತು ಮುಗಿಸಲಿಕ್ಕೆ ಅಂತಲೇ ಒಂದು ವಾಕ್ಯವಿದೆ. ಫ್ರಂಟ್‌ಎಂಡ್‌ನವರು ಬಂದು ‘ಈ ಎಪಿಐಗೆ ಏನು ಕಳಿಸಬೇಕು, ಏನು ವಾಪಸ್ ಬರುತ್ತೆ?’ ಅಂತ ಕೇಳಿದರೆ ಬ್ಯಾಕೆಂಡ್‌ನವರು ಸ್ಕ್ರೀನಿನಿಂದ ಕಣ್ಣು ತೆಗೆಯದೆ ಹೇಳುತ್ತಾರೆ: ‘ಸ್ವಾಗರ್ ಇದೆಯಲ್ಲ, ನೋಡ್ಕೊಳ್ಳಿ.’ ಕೇಳಿದವರು ಸುಮ್ಮನೆ ತಮ್ಮ ಜಾಗಕ್ಕೆ ಹೋಗುತ್ತಾರೆ. ಅವರು ಸ್ವಾಗರ್ ನೋಡಿಯೇ ಬಂದಿರುತ್ತಾರೆ. ಅದರಲ್ಲಿ ಉತ್ತರ ಸಿಗದಿದ್ದಕ್ಕೇ ಎದ್ದು ಬಂದಿದ್ದು.

ನಾನೂ ಬ್ಯಾಕೆಂಡ್‌ನವನೇ. ಜಾವಾದಲ್ಲೇ ಅನ್ನ ತಿನ್ನುತ್ತಿರುವವನು. ಹಾಗಾಗಿ ಈ ಜಗಳ ಮನೆಯೊಳಗಿನದು. ಸ್ವಾಗರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಒಳ್ಳೆಯ ಸಾಧನ ಅದು. ನನ್ನ ಸಿಟ್ಟು ಆ ವಾಕ್ಯದ ಮೇಲೆ. ಕೆಲಸ ಮಾಡದೆ ಮಾಡಿದ್ದೇನೆ ಅಂತ ಹೇಳಿಕೊಳ್ಳುವುದಕ್ಕೆ ನಮಗೆ ಅಷ್ಟು ಒಳ್ಳೆಯ ನೆಪ ಬೇರೆ ಸಿಕ್ಕಿಲ್ಲ.

ಸ್ಪ್ರಿಂಗ್ ಬೂಟ್‌ನಲ್ಲಿ ಈ ಪುಟ ಎಬ್ಬಿಸುವುದು ಎಷ್ಟು ಸುಲಭ ಅಂದರೆ ಕಾಫಿ ತರಲು ಹೋದವರು ವಾಪಸ್ ಬರುವುದರೊಳಗೆ ಮುಗಿದಿರುತ್ತದೆ. ಪಾಮ್ ಫೈಲಿಗೆ ಸ್ಪ್ರಿಂಗ್‌ಡಾಕ್ ಅನ್ನೋ ಒಂದು ಡಿಪೆಂಡೆನ್ಸಿ ಸೇರಿಸಿ, ಅಪ್ಲಿಕೇಶನ್ ರೀಸ್ಟಾರ್ಟ್ ಮಾಡಿ, ಬ್ರೌಸರ್‌ನಲ್ಲಿ ‘ಸ್ವಾಗರ್-ಯುಐ ಡಾಟ್ ಎಚ್‌ಟಿಎಂಎಲ್’ ಅಂತ ಹೊಡೆಯಿರಿ, ಆಯ್ತು. ಲೈಬ್ರರಿ ನಿಮ್ಮ ಕಂಟ್ರೋಲರ್‌ಗಳನ್ನೆಲ್ಲ ತಾನೇ ಹುಡುಕುತ್ತದೆ. ಯಾವ ಯುಆರ್‌ಎಲ್, ಗೆಟ್ಟೋ ಪೋಸ್ಟೋ, ಒಳಗೆ ಹೋಗುವ ಕ್ಲಾಸಿನಲ್ಲಿ ಯಾವ್ಯಾವ ಫೀಲ್ಡ್‌ಗಳಿವೆ ಅಂತ ಓದಿಕೊಂಡು ಒಂದು ಜೇಸನ್ ತಯಾರಿಸುತ್ತದೆ. ಅದನ್ನು ಸ್ವಾಗರ್ ಯುಐ ಬಣ್ಣದ ಪಟ್ಟಿಗಳಾಗಿ ತೋರಿಸುತ್ತದೆ: ಗೆಟ್ ನೀಲಿ, ಪೋಸ್ಟ್ ಹಸಿರು, ಡಿಲೀಟ್ ಕೆಂಪು. ‘ಟ್ರೈ ಇಟ್ ಔಟ್’ ಒತ್ತಿ, ‘ಎಕ್ಸಿಕ್ಯೂಟ್’ ಒತ್ತಿದರೆ ಉತ್ತರ ಅಲ್ಲೇ ಕೆಳಗೆ ಬಂದು ಬೀಳುತ್ತದೆ. ಡೆಮೋದಲ್ಲಿ ತೋರಿಸಲು ಇದಕ್ಕಿಂತ ಚೆಂದದ್ದು ಇಲ್ಲ. ಮ್ಯಾನೇಜರ್ ಖುಷಿ. ‘ಎಪಿಐ ಡಾಕ್ಯುಮೆಂಟೇಶನ್’ ಅನ್ನೋ ಟಿಕೆಟ್ ಅವತ್ತೇ ‘ಡನ್’ ಕಾಲಮ್ಮಿಗೆ ಹೋಗುತ್ತದೆ.

ಡನ್ ಆಗಿದ್ದೇನು ಸ್ವಾಮಿ? ದರ್ಶಿನಿಯ ಬೋರ್ಡ್ ನೆನಪಿಸಿಕೊಳ್ಳಿ. ರವೆ ದೋಸೆ ಅಂತ ಬರೆದಿರುತ್ತಾರೆ, ರೇಟೂ ಇರುತ್ತದೆ. ಬೆಳಗ್ಗೆ 9ಕ್ಕೆ ಹೋಗಿ ಕೇಳಿದರೆ ‘ಅದು ಸಂಜೆ 4ರ ಮೇಲೆ ಸಾರ್’ ಅಂತಾರೆ. ಬೋರ್ಡಿನಲ್ಲಿ ಸುಳ್ಳಿಲ್ಲ. ಬೇಕಾದ ಮಾತೂ ಇಲ್ಲ. ನಮ್ಮ ಸ್ವಾಗರ್ ಪುಟಗಳು ಈ ಬೋರ್ಡಿನ ಮಟ್ಟಕ್ಕೂ ಬರುವುದಿಲ್ಲ, ಯಾಕಂದ್ರೆ ಬೋರ್ಡ್ ಬರೆದವರು ಕನಿಷ್ಠ ಕೈಯಾರೆ ಬರೆದಿರುತ್ತಾರೆ.

ಆರ್ಡರ್ ಕ್ಯಾನ್ಸಲ್ ಮಾಡುವ ಒಂದು ಎಪಿಐ ತಗೊಳ್ಳಿ. ಪುಟ ಏನು ಹೇಳುತ್ತದೆ? ಪೋಸ್ಟ್, ಆರ್ಡರ್ ಐಡಿ ಕೊಡಿ, 200 ಬಂದರೆ ಓಕೆ. ಸ್ಟೇಟಸ್ ಅನ್ನೋ ಫೀಲ್ಡ್ ಇದೆ, ಅದರ ಟೈಪ್ ಸ್ಟ್ರಿಂಗ್, ಅದರ ಉದಾಹರಣೆ ಕೂಡ ‘ಸ್ಟ್ರಿಂಗ್’. ಅಮೌಂಟ್ ಇದೆ, ಟೈಪ್ ಇಂಟಿಜರ್, ಉದಾಹರಣೆ 0. ಈಗ ಆ ಎಪಿಐ ಬಳಸಬೇಕಾದವರ ತಲೆಯಲ್ಲಿ ಇರುವ ಪ್ರಶ್ನೆಗಳನ್ನು ನೋಡಿ. ಪಾರ್ಸೆಲ್ ಹೊರಟ ಮೇಲೆ ಕ್ಯಾನ್ಸಲ್ ಆಗುತ್ತಾ? ಆಗದಿದ್ದರೆ ಯಾವ ಎರರ್ ಬರುತ್ತೆ, 400ಾ, 409ಾ? ನೆಟ್‌ವರ್ಕ್ ಕೈಕೊಟ್ಟು ಎರಡು ಸಲ ಕಳಿಸಿಬಿಟ್ಟರೆ ರೀಫಂಡ್ ಎರಡು ಸಲ ಹೋಗುತ್ತಾ? ಸಮಯ ಭಾರತದ್ದಾ, ಯುಟಿಸಿಯಾ? ಸ್ಟೇಟಸ್‌ನಲ್ಲಿ ‘ಆರ್‌ಜೆ2’ ಅಂತ ಬಂದರೆ ಏನರ್ಥ? ಅಮೌಂಟ್ ರೂಪಾಯಿಯಲ್ಲಾ, ಪೈಸೆಯಲ್ಲಾ? ಇವುಗಳಲ್ಲಿ ಒಂದಕ್ಕೂ ಲೈಬ್ರರಿ ಉತ್ತರ ಕೊಡಲಾರದು. ಅದು ಕ್ಲಾಸಿನ ಆಕಾರ ಓದಬಲ್ಲದು, ಅಷ್ಟೇ. ಅರ್ಥ ಇರುವುದು ಅದನ್ನು ಬರೆದವರ ತಲೆಯೊಳಗೆ.

ಕೊನೆಯ ಪ್ರಶ್ನೆ ನಾನು ಸುಮ್ಮನೆ ಹಾಕಿದ್ದಲ್ಲ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಮೊಬೈಲ್ ಆ್ಯಪ್ ಟೀಮಿಗೆ ಹಾಸನ ಕಡೆಯ ಒಬ್ಬ ಹುಡುಗಿ ಸೇರಿದ್ದಳು. ಮೊದಲ ಕೆಲಸ, ಇನ್ನೂ ಪ್ರೊಬೇಷನ್. ನಮ್ಮಲ್ಲಿ ಹಳೆಯ ಆರ್ಡರ್ ಎಪಿಐ ಹಣವನ್ನು ರೂಪಾಯಿಯಲ್ಲಿ ಕೊಡುತ್ತಿತ್ತು. ಹೊಸದಾಗಿ ಬಂದ ರೀಫಂಡ್ ಎಪಿಐ ಪೈಸೆಯಲ್ಲಿ. ಪೈಸೆಯಲ್ಲಿ ಕೊಡುವುದು ತಪ್ಪೇನಲ್ಲ. ಸ್ಟ್ರೈಪ್, ರೇಜರ್‌ಪೇ ಥರದ ಪೇಮೆಂಟ್ ಗೇಟ್‌ವೇಗಳೂ ಹಣವನ್ನು ಕರೆನ್ಸಿಯ ಅತಿ ಚಿಕ್ಕ ನಾಣ್ಯದ ಲೆಕ್ಕದಲ್ಲೇ ಕೇಳುತ್ತವೆ. ಆದರೆ ಅವರು ಅದನ್ನು ತಮ್ಮ ಡಾಕ್ಯುಮೆಂಟ್‌ನಲ್ಲಿ ಬರೆದಿರುತ್ತಾರೆ, ಉದಾಹರಣೆ ಸಮೇತ. ನಮ್ಮ ಸ್ವಾಗರ್‌ನಲ್ಲಿ ಎರಡೂ ಕಡೆ ಇದ್ದದ್ದು ‘ಅಮೌಂಟ್, ಇಂಟಿಜರ್, 0’. ಆ ಹುಡುಗಿ ಎರಡನ್ನೂ ರೂಪಾಯಿ ಅಂತಲೇ ತಗೊಂಡಳು. ಬೇರೆ ಏನು ತಗೋಬೇಕಿತ್ತು? 499 ರೂಪಾಯಿಯ ಚಪ್ಪಲಿ ವಾಪಸ್ ಮಾಡಿದವರಿಗೆ ‘ನಿಮಗೆ 49,900 ರೂಪಾಯಿ ವಾಪಸ್ ಬರಲಿದೆ’ ಅಂತ ಆ್ಯಪ್ ತೋರಿಸಿತು. ಹಣ ಹೋಗಲಿಲ್ಲ, ಪುಣ್ಯ. ಕಸ್ಟಮರ್ ಕೇರ್‌ನವರಿಗೆ ಮಾತ್ರ ಇಡೀ ಸಂಜೆ ಬೈಗುಳ.

ಸರಿಪಡಿಸಿದ್ದು ಒಂದೇ ಸಾಲಿನಲ್ಲಿ, ನೂರರಿಂದ ಭಾಗಿಸಿ. ಆಮೇಲೆ ಕಾರಣ ಹುಡುಕುವ ಮೀಟಿಂಗ್ ಆಯಿತು. ರಿಪೋರ್ಟಿನಲ್ಲಿ ಬಂದ ಮಾತು: ಫ್ರಂಟ್‌ಎಂಡ್ ಡೆವಲಪರ್ ಎಪಿಐ ಕಾಂಟ್ರಾಕ್ಟನ್ನು ಸರಿಯಾಗಿ ಪರಿಶೀಲಿಸಿಲ್ಲ. ಎಲ್ಲಿದೆ ಕಾಂಟ್ರಾಕ್ಟು ಅಂತ ನಾನು ಕೇಳಿದೆ. ‘ಸ್ವಾಗರ್ ಇದೆಯಲ್ಲ’ ಅಂದರು. ಅವಳ ಪ್ರೊಬೇಷನ್ ಮೂರು ತಿಂಗಳು ಮುಂದೆ ಹೋಯಿತು. ‘ಪೈಸೆಯಲ್ಲಿ’ ಅನ್ನೋ ಒಂದು ಪದ ಬರೆಯದೆ ಬಿಟ್ಟವರ ಹೆಸರು ಆ ರಿಪೋರ್ಟಿನಲ್ಲಿ ಎಲ್ಲೂ ಇರಲಿಲ್ಲ.

ಇದಕ್ಕೇ ಈ ವಿಷಯ ನನಗೆ ಬರೀ ಟೆಕ್ನಿಕಲ್ ಅನಿಸುವುದಿಲ್ಲ. ಬರೆಯದೆ ಬಿಟ್ಟ ಡಾಕ್ಯುಮೆಂಟೇಶನ್ನಿನ ಬೆಲೆಯನ್ನು ಯಾರೋ ಒಬ್ಬರು ಕಟ್ಟುತ್ತಾರೆ. ಅವರು ಯಾವಾಗಲೂ ಟೀಮಿನ ಕೊನೆಯಲ್ಲಿ ಕೂತವರು: ಹೊಸಬರು, ಟೆಸ್ಟಿಂಗ್‌ನವರು, ರಾತ್ರಿ ಪಾಳಿಯ ಸಪೋರ್ಟ್‌ನವರು, ಬೇರೆ ಊರಿನ ಪಾರ್ಟ್‌ನರ್ ಕಂಪನಿಯ ಯಾರೋ ಪಾಪದವರು. ಸೀನಿಯರ್‌ಗಳಿಗೆ ತೊಂದರೆಯೇ ಆಗುವುದಿಲ್ಲ, ಅವರಿಗೆ ಕೇಳಲಿಕ್ಕೆ ಯಾರಾದರೂ ಗೊತ್ತಿರುತ್ತಾರೆ.

ಸ್ವಾಗರ್ ಹುಟ್ಟಿದ ಕಥೆ ಗೊತ್ತಿದ್ದರೆ ಇನ್ನೂ ಬೇಜಾರಾಗುತ್ತದೆ. ಅದು ಹುಟ್ಟಿದ್ದು ವರ್ಡ್‌ನಿಕ್ ಅನ್ನೋ ಕಂಪನಿಯಲ್ಲಿ, ಟೋನಿ ಟ್ಯಾಮ್ ಅನ್ನುವವರು ಶುರು ಮಾಡಿದ್ದು, ಜನರ ಕೈಗೆ ಬಂದದ್ದು 2011ರಲ್ಲಿ. ವರ್ಡ್‌ನಿಕ್ ಏನು ಗೊತ್ತಾ? ಆನ್‌ಲೈನ್ ನಿಘಂಟು. ಪದಕ್ಕೆ ಅರ್ಥ ಕೊಡುವುದೇ ಕಸುಬಾಗಿದ್ದ ಮನೆಯಲ್ಲಿ ಹುಟ್ಟಿದ ಸಾಧನವನ್ನು ತಂದು ನಾವು ಅರ್ಥವೇ ಇಲ್ಲದ ಪದಪಟ್ಟಿ ಮಾಡಿಕೊಂಡಿದ್ದೇವೆ. ಮುಂದೆ 2015ರಲ್ಲಿ ಅದು ಸ್ಮಾರ್ಟ್‌ಬೇರ್ ಕೈಗೆ ಹೋಯಿತು, ಅದೇ ವರ್ಷ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ಓಪನ್‌ಎಪಿಐ ಇನಿಶಿಯೇಟಿವ್ ಆಯಿತು. ಈಗ ಆ ಸ್ಪೆಸಿಫಿಕೇಶನ್ನಿನ ಹೆಸರು ಓಪನ್‌ಎಪಿಐ. ಸ್ವಾಗರ್ ಅಂದರೆ ಅದರ ಸುತ್ತಲಿನ ಟೂಲ್‌ಗಳು. ಆದರೂ ನಾವೆಲ್ಲ ಸ್ವಾಗರ್ ಅಂತಲೇ ಕರೆಯುತ್ತೇವೆ, ಝೆರಾಕ್ಸ್ ಅನ್ನೋ ಹಾಗೆ.

ಆ ಸ್ಪೆಸಿಫಿಕೇಶನ್ನಿನಲ್ಲಿ ಅರ್ಥ ಬರೆಯಲು ಜಾಗ ಇಲ್ಲ ಅಂದುಕೊಂಡೀರಿ. ಬೇಕಾದಷ್ಟಿದೆ. ಪ್ರತಿ ಎಪಿಐಗೂ, ಪ್ರತಿ ಫೀಲ್ಡಿಗೂ, ಪ್ರತಿ ಎರರ್‌ಗೂ ಡಿಸ್ಕ್ರಿಪ್ಶನ್ ಇದೆ, ಉದಾಹರಣೆ ಕೊಡುವ ಜಾಗ ಇದೆ. ಜಾವಾದಲ್ಲಿ ಸ್ಕೀಮಾ ಅನ್ನೋ ಆ್ಯನೊಟೇಶನ್ ಹಾಕಿ ಫೀಲ್ಡಿನ ಅರ್ಥ ಬರೆಯಬಹುದು, ಆಪರೇಶನ್ ಹಾಕಿ ಎಪಿಐ ಏನು ಮಾಡುತ್ತದೆ ಅಂತ ಬರೆಯಬಹುದು, ಎಪಿಐ ರೆಸ್ಪಾನ್ಸ್ ಹಾಕಿ 409 ಯಾವಾಗ ಬರುತ್ತದೆ ಅಂತ ಹೇಳಬಹುದು. ‘ಇಷ್ಟೆಲ್ಲ ಆ್ಯನೊಟೇಶನ್ ಹಾಕಿದ್ರೆ ಕೋಡ್ ಅಸಹ್ಯ ಕಾಣುತ್ತೆ’ ಅನ್ನುವವರಿಗೆ, ಜಾವಾಡಾಕ್ ಕಾಮೆಂಟ್‌ಗಳನ್ನೇ ಓದಿ ಪುಟಕ್ಕೆ ಹಾಕಿಸುವ ದಾರಿಯೂ ಸ್ಪ್ರಿಂಗ್‌ಡಾಕ್‌ನಲ್ಲಿದೆ. ಅಂದ ಹಾಗೆ, ಕಾಮೆಂಟೂ ಬರೆದಿರುವುದಿಲ್ಲ, ಅದು ಬೇರೆ ಮಾತು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಈ ಪುಟ ನಿಮ್ಮ ಕೋಡಿಗೆ ಹಿಡಿದ ಕನ್ನಡಿ. ಕಂಟ್ರೋಲರ್‌ನಿಂದ ಮ್ಯಾಪ್ ವಾಪಸ್ ಕೊಟ್ಟರೆ, ಅಂದರೆ ‘ಒಳಗೆ ಏನಾದರೂ ಇರಬಹುದು’ ಅನ್ನೋ ಚೀಲ ಕೊಟ್ಟರೆ, ಸ್ವಾಗರ್ ಯುಐ ಪಾಪ ಏನು ಮಾಡೀತು? ಅಡಿಷನಲ್‌ಪ್ರಾಪ್1, ಅಡಿಷನಲ್‌ಪ್ರಾಪ್2, ಅಡಿಷನಲ್‌ಪ್ರಾಪ್3 ಅಂತ ತಾನೇ ಹೆಸರು ಕಟ್ಟಿ ತೋರಿಸುತ್ತದೆ. ಆ ಮೂರು ಹೆಸರುಗಳನ್ನು ಕಂಡಲ್ಲಿ ನನಗೆ ಬರೆದವರ ಮುಖವೇ ಕಾಣುತ್ತದೆ. ಅದರ ಬದಲು ಸರಿಯಾದ ಕ್ಲಾಸ್ ಮಾಡಿ, ಸ್ಟೇಟಸ್‌ಗೆ ಸ್ಟ್ರಿಂಗ್ ಬಿಟ್ಟು ಈನಮ್ ಬಳಸಿ. ಇರಬಹುದಾದ ಎಲ್ಲ ಸ್ಟೇಟಸ್‌ಗಳ ಪಟ್ಟಿ ತಾನಾಗಿ ಪುಟಕ್ಕೆ ಬರುತ್ತದೆ. ನಾಟ್‌ನಲ್, ಮಿನ್, ಸೈಜ್ ಅಂತ ವ್ಯಾಲಿಡೇಶನ್ ಹಾಕಿದ್ದರೆ ಯಾವುದು ಕಡ್ಡಾಯ, ಎಷ್ಟು ಅಕ್ಷರ ಅನ್ನೋದೂ ಬರುತ್ತದೆ. ಕೋಡ್ ನೆಟ್ಟಗಿದ್ದರೆ ಅರ್ಧ ಡಾಕ್ಯುಮೆಂಟ್ ಬಿಟ್ಟಿ. ಉಳಿದರ್ಧಕ್ಕೆ ಮನುಷ್ಯ ಬೇಕು.

ಆದರೆ ನಮಗೆ ಆ ಪುಟ ಏನು ಅಂತಲೇ ಕುತೂಹಲ ಇಲ್ಲ, ಬಂದರೆ ಸಾಕು. ಸ್ಪ್ರಿಂಗ್‌ಫಾಕ್ಸ್ ಪ್ರಸಂಗವೇ ಸಾಕ್ಷಿ. ಸ್ಪ್ರಿಂಗ್‌ಡಾಕ್‌ಗಿಂತ ಮೊದಲು ಎಲ್ಲರೂ ಬಳಸುತ್ತಿದ್ದದ್ದು ಅದನ್ನೇ. 2020ರ ಜುಲೈನಲ್ಲಿ 3.0.0 ಬಂತು, ಅಲ್ಲಿಗೆ ಅದು ನಿಂತಿತು. 2021ರ ನವೆಂಬರ್‌ನಲ್ಲಿ ಸ್ಪ್ರಿಂಗ್ ಬೂಟ್ 2.6 ಬಂದಾಗ ಯುಆರ್‌ಎಲ್ ಹೊಂದಿಸುವ ಡೀಫಾಲ್ಟ್ ಕ್ರಮ ಬದಲಾಯಿತು. ಸ್ಪ್ರಿಂಗ್‌ಫಾಕ್ಸ್ ಹಳೆಯ ಕ್ರಮವನ್ನೇ ನಂಬಿಕೊಂಡಿತ್ತು, ಬಿದ್ದುಹೋಯಿತು. ಬಿದ್ದದ್ದು ಡಾಕ್ಯುಮೆಂಟೇಶನ್ ಪುಟ ಮಾತ್ರ ಆಗಿದ್ದರೆ ಯಾರಿಗೂ ಗೊತ್ತೂ ಆಗುತ್ತಿರಲಿಲ್ಲವೇನೋ. ಇಡೀ ಅಪ್ಲಿಕೇಶನ್ನೇ ಸ್ಟಾರ್ಟ್ ಆಗಲಿಲ್ಲ. ಆಗ ಎಲ್ಲರೂ ಮಾಡಿದ್ದು ಒಂದೇ: ಪ್ರಾಪರ್ಟೀಸ್ ಫೈಲಿಗೆ ‘ಆ್ಯಂಟ್ ಪಾತ್ ಮ್ಯಾಚರ್’ ಅಂತ ಹೇಳುವ ಒಂದು ಸಾಲು ಅಂಟಿಸಿದ್ದು. ಓಡಿತು, ಮರೆತರು. ಅಂದರೆ, ಇಡೀ ಆ್ಯಪ್ ಯುಆರ್‌ಎಲ್‌ಗಳನ್ನು ಹೇಗೆ ಹುಡುಕಬೇಕು ಅನ್ನೋದನ್ನೇ ಯಾರೂ ಓದದ ಒಂದು ಪುಟದ ಸಲುವಾಗಿ ಹಿಂದಕ್ಕೆ ತಿರುಗಿಸಿದರು. 2022ರ ನವೆಂಬರ್‌ನಲ್ಲಿ ಸ್ಪ್ರಿಂಗ್ ಬೂಟ್ 3 ಬಂದು, ಜಾವಾಎಕ್ಸ್ ಹೋಗಿ ಜಕಾರ್ತಾ ಆದಾಗ ಆ ತೇಪೆಯೂ ಕೆಲಸಕ್ಕೆ ಬರಲಿಲ್ಲ. ಈಗಲೂ ಬೂಟ್ 2ರಲ್ಲೇ ಉಳಿದ ಪ್ರಾಜೆಕ್ಟ್‌ಗಳಲ್ಲಿ ಆ ಸಾಲು ಇರುತ್ತದೆ. ಯಾಕಿದೆ ಅಂತ ಕೇಳಿ ನೋಡಿ. ನಿಮ್ಮಲ್ಲಿ ಇದ್ದರೆ ಸ್ಪ್ರಿಂಗ್‌ಡಾಕ್‌ಗೆ ಬನ್ನಿ. ಬೂಟ್ 3 ಆದರೆ ಅದರ 2ನೇ ಆವೃತ್ತಿ. ಡಾಕೆಟ್ ಬೀನ್ ತೆಗೆದು, ಎಪಿಐಆಪರೇಶನ್ ಇದ್ದಲ್ಲಿ ಆಪರೇಶನ್, ಎಪಿಐಮಾಡೆಲ್‌ಪ್ರಾಪರ್ಟಿ ಇದ್ದಲ್ಲಿ ಸ್ಕೀಮಾ ಹಾಕುವುದು ದೊಡ್ಡ ಕೆಲಸವೇನಲ್ಲ.

ಹಾಗಾದರೆ ಜನ ಯಾಕೆ ಬರೆಯುವುದಿಲ್ಲ? ಸೋಮಾರಿತನ ಅನ್ನೋದು ಸುಲಭದ ಉತ್ತರ, ನಾನು ಒಪ್ಪುವುದಿಲ್ಲ. ರಾತ್ರಿ 11ರ ತನಕ ಬಗ್ ಹುಡುಕುವವರನ್ನು ಸೋಮಾರಿ ಅನ್ನಲಾದೀತೆ? ನನಗೆ ಕಂಡ ಕಾರಣ ಇಂಗ್ಲಿಷ್. ಕ್ಯಾಂಟೀನಿನಲ್ಲಿ ಚಹಾ ಹಿಡಿದುಕೊಂಡು ‘ಏ, ಅದು ಹಂಗಲ್ಲ ಮಾರಾಯ, ಪಾರ್ಸೆಲ್ ಒಮ್ಮೆ ಗೋಡೌನ್ ಬಿಟ್ಟ ಮೇಲೆ ಕ್ಯಾನ್ಸಲ್ ಕೊಟ್ರೆ ಅದು ರಿಟರ್ನ್ ಫ್ಲೋಗೆ ಹೋಗುತ್ತೆ, ಆಗ ರೀಫಂಡ್ ತಕ್ಷಣ ಆಗಲ್ಲ’ ಅಂತ ಐದು ನಿಮಿಷದಲ್ಲಿ ಇಡೀ ವ್ಯವಹಾರ ಬಿಡಿಸಿಡುವ ಹುಡುಗ, ಅದೇ ಎಪಿಐನ ಡಿಸ್ಕ್ರಿಪ್ಶನ್‌ನಲ್ಲಿ ಬರೆಯುವುದು ‘ಕ್ಯಾನ್ಸಲ್ ಆರ್ಡರ್ ಎಪಿಐ’. ಅಷ್ಟೇ. ಯಾಕೆ? ಖಾಲಿ ಬಿಟ್ಟರೆ ಕೋಡ್ ರಿವ್ಯೂನಲ್ಲಿ ಯಾರೂ ಏನೂ ಅನ್ನುವುದಿಲ್ಲ. ನಾಲ್ಕು ಸಾಲು ಬರೆದರೆ ಗ್ರಾಮರ್ ಬಗ್ಗೆ ಮೂರು ಕಾಮೆಂಟ್ ಬರುತ್ತವೆ. ಒಬ್ಬ ರಿವ್ಯೂವರ್ ‘ದಿ’ ಎಲ್ಲಿ ಹಾಕಬೇಕು ಅಂತ ಪಾಠ ಮಾಡಿದ್ದನ್ನು ನಾನೇ ನೋಡಿದ್ದೇನೆ. ಆ ಎಪಿಐ 500 ಎಸೆಯುತ್ತಿದ್ದದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಕನ್ನಡ ಮೀಡಿಯಂನಿಂದ ಬಂದವರಿಗೆ ಈ ಅವಮಾನದ ರುಚಿ ಗೊತ್ತು. ಅವರು ಒಂದು ಸಲ ಬರೆದು, ಎರಡನೇ ಸಲ ಬಿಡುತ್ತಾರೆ. ಆಮೇಲೆ ‘ಆಟೋ ಜನರೇಟ್ ಆಗುತ್ತಲ್ಲ’ ಅನ್ನೋದು ಅವರಿಗೆ ಗುರಾಣಿ.

ಡಿಸ್ಕ್ರಿಪ್ಶನ್‌ನಲ್ಲಿ ಕನ್ನಡ ಬರೆಯಬಾರದು ಅಂತ ಯಾವ ಸ್ಪೆಸಿಫಿಕೇಶನ್ನೂ ಹೇಳುವುದಿಲ್ಲ. ಟೀಮಿನಲ್ಲಿ ಎಲ್ಲರಿಗೂ ಕನ್ನಡ ಬರುತ್ತಿದ್ದರೆ ಧಾರಾಳ ಬರೆಯಿರಿ, ಪುಟದಲ್ಲಿ ಚೆನ್ನಾಗಿಯೇ ಕಾಣುತ್ತದೆ. ನಮ್ಮ ಟೀಮುಗಳಲ್ಲಿ ತೆಲುಗಿನವರು, ತಮಿಳಿನವರು, ಬಿಹಾರದವರು ಎಲ್ಲ ಇರುತ್ತಾರಾದ್ದರಿಂದ ಬಹಳ ಕಡೆ ಇಂಗ್ಲಿಷೇ ಗತಿ. ಇರಲಿ. ‘ಅಮೌಂಟ್ ಈಸ್ ಇನ್ ಪೈಸೆ ನಾಟ್ ರುಪೀಸ್’, ಇಷ್ಟಕ್ಕೆ ಯಾವ ಗ್ರಾಮರ್ ಬೇಕು? ರಿವ್ಯೂ ಮಾಡುವ ಸೀನಿಯರ್‌ಗಳೇ, ವ್ಯಾಕರಣ ತಿದ್ದುವ ಆಸೆ ತಡೆಯದಿದ್ದರೆ ನೀವೇ ತಿದ್ದಿ ಸೇವ್ ಮಾಡಿ, ಕಾಮೆಂಟ್ ಹಾಕಬೇಡಿ.

ಈ ಮಾತು ಎತ್ತಿದಾಗಲೆಲ್ಲ ಬರುವ ಉತ್ತರಗಳು ನನಗೆ ಬಾಯಿಪಾಠ. ‘ನಾವು ಅಜೈಲ್, ಡಾಕ್ಯುಮೆಂಟೇಶನ್‌ಗೆ ಮಹತ್ವ ಇಲ್ಲ.’ 2001ರಲ್ಲಿ ಆ ಪ್ರಣಾಳಿಕೆ ಬರೆದವರು ಓಡುವ ಸಾಫ್ಟ್‌ವೇರ್ ಹೆಚ್ಚು ಮುಖ್ಯ ಅಂದರು, ಇನ್ನೊಂದಕ್ಕೂ ಬೆಲೆ ಇದೆ ಅಂತ ಕೆಳಗಿನ ಸಾಲಿನಲ್ಲೇ ಹೇಳಿದರು. ನಮ್ಮವರು ಕೆಳಗಿನ ಸಾಲಿನ ತನಕ ಹೋಗಿಲ್ಲ. ‘ಕೋಡೇ ಡಾಕ್ಯುಮೆಂಟೇಶನ್.’ ಸರಿ, ಪಾರ್ಟ್‌ನರ್ ಕಂಪನಿಯವರಿಗೆ ರೆಪೊಸಿಟರಿಯ ಆಕ್ಸೆಸ್ ಕೊಡ್ತೀರಾ? ‘ಎಐ ಬರೆದು ಕೊಡುತ್ತೆ.’ ಇದು ಹೊಸದು. ಬರೆದು ಕೊಡುತ್ತದೆ, ನೋಡಿದ್ದೇನೆ. ಮೆಥಡ್‌ನ ಹೆಸರನ್ನೇ ಬಿಡಿಸಿ, ಐಡಿ ಕೊಟ್ಟರೆ ಆರ್ಡರ್ ತಂದುಕೊಡುತ್ತದೆ ಅಂತ ಒಳ್ಳೆಯ ಇಂಗ್ಲಿಷಿನಲ್ಲಿ ಬರೆಯುತ್ತದೆ. ಖಾಲಿ ಇದ್ದದ್ದು ಈಗ ತುಂಬಿದ ಹಾಗೆ ಕಾಣುತ್ತದೆ, ಇನ್ನೂ ಅಪಾಯ. ‘ಆರ್‌ಜೆ2’ ಅನ್ನೋದನ್ನು ಯಾವ ಕಾರಣಕ್ಕೆ ತಂದರು ಅನ್ನೋದು ಕೋಡಿನಲ್ಲೇ ಇಲ್ಲದಿದ್ದರೆ ಅದು ಎಲ್ಲಿಂದ ತರಬೇಕು?

ಟೆಸ್ಟ್ ಜೊತೆ ಕಟ್ಟಿಹಾಕುವ ದಾರಿಯೂ ಇದೆ. ಸ್ಪ್ರಿಂಗ್‌ನವರದ್ದೇ ರೆಸ್ಟ್ ಡಾಕ್ಸ್ ಅಂತ ಒಂದು ಪ್ರಾಜೆಕ್ಟ್. ಅದರಲ್ಲಿ ಡಾಕ್ಯುಮೆಂಟ್ ಹುಟ್ಟುವುದೇ ಟೆಸ್ಟ್‌ಗಳಿಂದ. ರೆಸ್ಪಾನ್ಸ್‌ನಲ್ಲಿ ಬಂದ ಒಂದು ಫೀಲ್ಡನ್ನು ನೀವು ವಿವರಿಸದೆ ಬಿಟ್ಟಿದ್ದರೆ ಟೆಸ್ಟ್ ಫೇಲ್. ನನಗೆ ಬಹಳ ಇಷ್ಟ. ಆದರೆ ಅದರಲ್ಲಿ ‘ಟ್ರೈ ಇಟ್ ಔಟ್’ ಬಟನ್ ಇಲ್ಲ. ಬಟನ್ ಇಲ್ಲದ ಪುಟವನ್ನು ಡೆಮೋದಲ್ಲಿ ತೋರಿಸಿದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಆ ಬಟನ್ ಬಗ್ಗೆಯೂ ಒಂದು ಮಾತು. ಅದು ಆಟಿಕೆ ಅಂತ ಬಹಳ ಜನ ತಿಳಿದಿದ್ದಾರೆ. ಎಕ್ಸಿಕ್ಯೂಟ್ ಒತ್ತಿದರೆ ನಿಜವಾದ ರಿಕ್ವೆಸ್ಟ್ ನಿಜವಾದ ಸರ್ವರಿಗೆ ಹೋಗುತ್ತದೆ, ಕೆಂಪು ಪಟ್ಟಿಯಾದರೆ ನಿಜವಾಗಿಯೇ ಡಿಲೀಟ್ ಆಗುತ್ತದೆ. ಇಂಥ ಪುಟವನ್ನು ಪ್ರೊಡಕ್ಷನ್‌ನಲ್ಲಿ, ಸ್ಪ್ರಿಂಗ್ ಸೆಕ್ಯುರಿಟಿಯಲ್ಲಿ ಎಲ್ಲರಿಗೂ ಬಾಗಿಲು ತೆರೆದು ಬಿಟ್ಟವರಿದ್ದಾರೆ. ಒವಾಸ್ಪ್‌ನ 2023ರ ಎಪಿಐ ಅಪಾಯಗಳ ಪಟ್ಟಿಯಲ್ಲಿ ತಮ್ಮ ಎಪಿಐಗಳ ಲೆಕ್ಕವನ್ನೇ ಸರಿಯಾಗಿ ಇಡದಿರುವುದು 9ನೆಯದು. ಮರೆತು ಬಿಟ್ಟ ಇಂಥ ಪುಟಗಳು ಆ ಸಾಲಿಗೇ ಸೇರುತ್ತವೆ. ಮುಚ್ಚುವವರು ಕೂಡ ಅರ್ಧ ಮುಚ್ಚುತ್ತಾರೆ: ಸ್ವಾಗರ್ ಯುಐ ಎನೇಬಲ್ಡ್ ಫಾಲ್ಸ್ ಅಂತ ಹಾಕಿ ನಿರಾಳ. ಅದರ ಕೆಳಗಿನ ಜೇಸನ್, ‘ವಿ3 ಎಪಿಐ-ಡಾಕ್ಸ್’ ವಿಳಾಸದಲ್ಲಿ, ಹಾಗೇ ತೆರೆದುಕೊಂಡಿರುತ್ತದೆ. ಎಪಿಐ ಡಾಕ್ಸ್ ಎನೇಬಲ್ಡ್ ಅನ್ನೋದನ್ನೂ ಫಾಲ್ಸ್ ಮಾಡಬೇಕು, ಇಲ್ಲವೇ ಲಾಗಿನ್ ಹಿಂದೆ ಇಡಬೇಕು. ಇನ್ನು ಕೆಲವರು ಪೂರ್ತಿ ಮುಚ್ಚಿ, ಪಾರ್ಟ್‌ನರ್ ಕೇಳಿದಾಗ ಸ್ವಾಗರ್ ಪುಟದ ಸ್ಕ್ರೀನ್‌ಶಾಟ್ ತೆಗೆದು ವರ್ಡ್ ಫೈಲಿಗೆ ಅಂಟಿಸಿ ಮೇಲ್ ಮಾಡುತ್ತಾರೆ. ಇಂಟರಾಕ್ಟಿವ್ ಡಾಕ್ಯುಮೆಂಟೇಶನ್ ಅಂದರೆ ಇದೇ ಇರಬೇಕು.

ಈಗ ನಾನಿರುವ ಟೀಮಿನಲ್ಲಿ ಒಂದು ನಿಯಮ ತಂದಿದ್ದೇವೆ. ಡಿಸ್ಕ್ರಿಪ್ಶನ್ ಖಾಲಿ ಇದ್ದರೆ ಪುಲ್ ರಿಕ್ವೆಸ್ಟ್ ವಾಪಸ್. ಹೆಸರನ್ನೇ ತಿರುಗಿಸಿ ಬರೆದರೂ ವಾಪಸ್. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಬರೆಯಬೇಕು. ಮೊದಲ ವಾರ ಗೊಣಗಾಟ, ಎರಡನೇ ವಾರ ಜಗಳ. ಮೂರನೇ ವಾರ ಒಬ್ಬ ಹುಡುಗ ‘ಫ್ಲ್ಯಾಗ್2’ ಅನ್ನೋ ಹಳೆಯ ಫೀಲ್ಡಿಗೆ, ಸಿಟ್ಟಿನಲ್ಲೇ ಇರಬೇಕು, ಹೀಗೆ ಬರೆದ: ‘ಇದು ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲ. ಕಳಿಸಬೇಡಿ. ಮುಂದಿನ ತಿಂಗಳು ತೆಗೆಯುತ್ತೇವೆ.’ ತಮಾಷೆ ಅಂತ ಎಲ್ಲರೂ ನಕ್ಕರು, ನಾನು ಅಪ್ರೂವ್ ಮಾಡಿದೆ. ಹತ್ತು ದಿನಕ್ಕೆ ಪುಣೆಯ ಪಾರ್ಟ್‌ನರ್ ಕಡೆಯಿಂದ ಫೋನ್ ಬಂತು. ‘ಅದನ್ನು ಕಳಿಸುವವರು ನಾವೇ. ಕ್ಯಾಶ್ ಆನ್ ಡೆಲಿವರಿ ಆರ್ಡರ್‌ಗಳಿಗೆ. ದಯವಿಟ್ಟು ತೆಗೀಬೇಡಿ.’ ಆ ಹುಡುಗ ಆ ಸಾಲು ಅಳಿಸಿ, ಅವರು ಹೇಳಿದ್ದನ್ನೇ ಬರೆದುಕೊಂಡ.